ಖಾಲಿ ಇರುವ ದಿನದ ಟಿಕೆಟು

ಉಡುಪಿ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ ನನ್ನ ಕೆಲಸದ ಬಹುಪಾಲು ಕಳೆಯಿತು. ಮೊನ್ನೆ ಪೆರ್ಡೂರಿನ ಒಬ್ಬಳು ಹುಡುಗಿ ಕಟಪಾಡಿಯ ನಮ್ಮ ಮನೆಗೆ ಬಂದಿದ್ದಳು. ನನ್ನ ತಂಗಿಯ ಮಗಳ ಗೆಳತಿ. ಇದೇ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ತರಬೇತಿಗೆ ಹೊರಡುವ ಮೊದಲು ಏನಾದರೂ ಕೇಳಿ ತಿಳಿದುಕೊಳ್ಳೋಣ ಎಂದು ಬಂದದ್ದು. "ಈಗ ಎಲ್ಲರೂ ಮೊಬೈಲಿನಲ್ಲೇ ಟಿಕೆಟ್ ಮಾಡ್ತಾರಲ್ವಾ ಆಂಟಿ, ಕೌಂಟರಿಗೆ ಎಂತಕ್ಕೆ ಬರ್ತಾರೆ ಜನ?" ಎಂದು ಕೇಳಿದಳು. ನಾನು ಚಹಾ ಕೊಟ್ಟೆ. ಶಿಫ್ಟ್ ಹೇಗೆ, ಕಂಪ್ಯೂಟರ್ ಕೈಕೊಟ್ಟಾಗ ಜನರನ್ನು ಹೇಗೆ ಸಮಾಧಾನ ಮಾಡುವುದು ಎಂದೆಲ್ಲ ಹೇಳಿದೆ. ಅವಳು ಹೋದ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲ ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದಾಗ ನಮ್ಮ ಮೇಲಿನವರು ಶೆಣೈ ಸಾರ್. ಅವರ ಮನೆಮಾತೂ ಕೊಂಕಣಿ, ನನ್ನದೂ ಕೊಂಕಣಿ. ಆದರೆ ಆಫೀಸಿನೊಳಗೆ ಅವರು ಕನ್ನಡ ಬಿಟ್ಟು ಒಂದು ಶಬ್ದ ಆಡಿದವರಲ್ಲ. ರೂಲ್ ಪುಸ್ತಕದಲ್ಲಿ ಇಲ್ಲದ್ದು ಬಾಯಿಯಲ್ಲಿ ಬರಬಾರದು ಎನ್ನುವ ಜನ. ಬೈಯುವಾಗಲೂ ದನಿ ಎತ್ತುತ್ತಿರಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಅದನ್ನು ಕಂಡರೆ ಬೈಗುಳ ಬಂತೆಂದೇ ಲೆಕ್ಕ. ಮೊದಲ ವಾರವೇ ಅವರು ನನಗೊಂದು ಮಾತು ಹೇಳಿದರು. ಜನ ಬಂದು ತಾರೀಕು ಹೇಳಿದ ಕೂಡಲೇ ಒತ್ತಿಬಿಡಬೇಡಿ, ಆ ತಾರೀಕೇ ಆಗಬೇಕಾ, ಒಂದು ದಿನ ಹಿಂದೆ ಮುಂದೆ ಆದರೆ ಆಗ್ತದಾ ಎಂದು ಕೇಳಿ ಎಂದರು. ಹಿಂದಿನಿಂದ ಇಡೀ ಸಾಲು ಬೊಬ್ಬೆ ಹಾಕುತ್ತಿರುವಾಗ ಅದನ್ನೆಲ್ಲ ಕೇಳುವುದು ಹೇಗೆ ಎಂದು ನನಗೆ ಆಗ ಸಿಟ್ಟು ಬಂದಿತ್ತು. ಕ್ರಮೇಣ ಅದು ನನ್ನ ಬಾಯಿಪಾಠವಾಯಿತು.

ಯಾಕೆಂದರೆ ನಮ್ಮ ಊರಿನ ರೈಲಿಗೆ ಎರಡೇ ಕಾಲ. ಒಂದು ತುಂಬಿದ ಕಾಲ, ಇನ್ನೊಂದು ಖಾಲಿ ಕಾಲ. ಮೇ ತಿಂಗಳ ಮೊದಲಿಗೆ ಮುಂಬೈಯಲ್ಲಿರುವ ನಮ್ಮವರೆಲ್ಲ ಮದುವೆ, ದೈವದ ನೇಮ, ಮಾವಿನಹಣ್ಣು ಅಂತ ಊರಿಗೆ ಬರುತ್ತಾರೆ. ತಿಂಗಳ ಕೊನೆಗೆ ಎಲ್ಲರೂ ಒಟ್ಟಿಗೇ ಹಿಂದೆ ಹೋಗುತ್ತಾರೆ. ಅದೇ ಹೊತ್ತಿಗೆ ಮಣಿಪಾಲದ ಮಕ್ಕಳ ಪರೀಕ್ಷೆ ಮುಗಿದು ಅವರೂ ಉತ್ತರಕ್ಕೆ ಹೊರಡುತ್ತಾರೆ. ಆಗ ಒಂದು ಬರ್ತಿಗೆ ಊರಿನ ಅರ್ಧ ಜನ ಕಾದಿರುತ್ತಾರೆ. ಜೂನಿನ ಮಳೆ ಹಿಡಿದು ಹದಿನೈದು ದಿನ ಕಳೆದರೆ ಅದೇ ರೈಲು, ಅದೇ ಬೋಗಿ, ಕಾಲು ಚಾಚಿ ಮಲಗಿ ಹೋಗಬಹುದು.

ಉಚ್ಚಿಲದಿಂದ ಮೀನು ಮಾರುವ ಒಬ್ಬರು ಹೆಂಗಸು ಬರುತ್ತಿದ್ದರು. ದೋಣಿ ಕಡಲಿಗೆ ಇಳಿಯದ ಮಳೆಗಾಲದಲ್ಲಿ ಅವರಿಗೆ ಬಿಡುವು, ಅಕ್ಕನ ಮನೆಗೆಂದು ಮುಂಬೈಗೆ ಹೋಗುವುದು. ಪ್ರತಿ ವರ್ಷವೂ ಗಾಜಿನ ತೂತಿಗೆ ಬಾಯಿಯಿಟ್ಟು ಮೊದಲು ಕೇಳುವುದು ಗಾಡಿಯಲ್ಲಿ ಜನ ಉಂಟಾ ಇಲ್ವಾ ಎಂದು. ಇಲ್ಲ ಎಂದರೆ ಶುರು: "ಖಾಲಿ ಹೋಗುವ ಗಾಡಿ ಅಲ್ವಾ ಬಾಯಿ, ಸ್ವಲ್ಪ ಕಮ್ಮಿ ಮಾಡಿ." ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿಯವರು ಬಾಯಿ ಎಂದೇ ಕರೆಯುವುದು. ಬಸ್ಸಿನವರು ಮಳೆಗಾಲದಲ್ಲಿ ಕಮ್ಮಿ ಮಾಡುತ್ತಾರೆ, ರೈಲಿನವರಿಗೆ ಮಾತ್ರ ಯಾಕೆ ಇಷ್ಟು ಗರ್ವ ಎಂದು ಅವರ ವಾದ. ನಾನು ಎಷ್ಟು ಹೇಳಿದರೂ ಒಪ್ಪುತ್ತಿರಲಿಲ್ಲ, ಕೊನೆಗೆ ನನ್ನ ಮೇಲೆ ದಯೆ ತೋರಿದವರ ಹಾಗೆ ಪೂರ್ತಿ ದುಡ್ಡು ಕೊಟ್ಟು ಹೋಗುತ್ತಿದ್ದರು. ಈಗ ಕೆಲವು ಗಾಡಿಗಳಲ್ಲಿ ಜನ ಹೆಚ್ಚಿದ ಹಾಗೆ ದರವೂ ಏರುತ್ತದೆ. ಆಗೆಲ್ಲ ಅವರ ನೆನಪಾಗುತ್ತದೆ. ಏರುವುದನ್ನು ಕಲಿತ ದರ ಇಳಿಯುವುದನ್ನು ಯಾವಾಗ ಕಲಿಯುತ್ತದೆ ಎಂದು ಅವರಾಗಿದ್ದರೆ ಕೇಳುತ್ತಿದ್ದರು.

ಖಾಲಿ ಕಾಲದ ಟಿಕೆಟಿಗೂ ಅದರದೇ ಗುಂಡಿಗಳುಂಟು. ಮಳೆ ಶುರುವಾದರೆ ನಮ್ಮ ಈ ದಾರಿಯಲ್ಲಿ ಗುಡ್ಡ ಜರಿಯುವ ಭಯಕ್ಕೆ ಗಾಡಿಗಳು ನಿಧಾನ ಓಡುತ್ತವೆ, ಹಾಗಾಗಿ ಮುಂಬೈಗೆ ಹೋಗುವವು ಇಲ್ಲಿಂದ ಬೇಗ ಹೊರಡುತ್ತವೆ. ಕಾರ್ಕಳದ ಒಬ್ಬರು ಡ್ರಾಯಿಂಗ್ ಮಾಸ್ಟ್ರು ಜನ ಕಮ್ಮಿ ಇರುವ ದಿನವೇ ಬೇಕೆಂದು ಹುಡುಕಿ ಹುಡುಕಿ ಜೂನ್ ಕೊನೆಯ ಒಂದು ಮಂಗಳವಾರ ತೆಗೆದುಕೊಂಡರು. ಹೊತ್ತು ಬದಲಾಗಿದೆ ಮಾಸ್ಟ್ರೇ ಎಂದು ನಾನು ಎರಡು ಸಲ ಹೇಳಿದ್ದೆ. ಅವರು ನಂಬಿದ್ದು ಚಿನ್ನದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಚ್ಚಾಗಿದ್ದ ರೈಲಿನ ವೇಳೆಯನ್ನು. ಆ ದಿನ ಅವರು ಕೊಡೆ ಮಡಚುತ್ತ ಸ್ಟೇಷನ್ನಿಗೆ ಬಂದಾಗ ಗಾಡಿ ಬೈಂದೂರು ದಾಟಿತ್ತು. ನನ್ನೆದುರು ಬಂದು ನಿಂತು, "ಕ್ಯಾಲೆಂಡರಿಗೆ ಮಳೆ ಬರುವುದು ಗೊತ್ತಿಲ್ಲ ಮೇಡಂ," ಎಂದರು. ನಗಬೇಕೋ ಬೇಡವೋ ಎಂದು ನಾನು ಶೆಣೈ ಸಾರ್ ಕಡೆ ನೋಡಿದೆ. ಅವರು ಕಂಪ್ಯೂಟರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು.

ನಮ್ಮ ಮನೆಯದೂ ಖಾಲಿ ಕಾಲದ್ದೇ ಕತೆ. ನನ್ನ ಗಂಡ ಲಿಗೋರಿ ಮಸ್ಕತ್‌ನಲ್ಲಿ ಏಸಿ ಮೆಕ್ಯಾನಿಕ್. ಕ್ರಿಸ್ಮಸ್ಸಿಗೆ ವಿಮಾನದ ದರ ಮೇಲೇರಿ ಕುಳಿತಿರುತ್ತದೆ, ಆ ದುಡ್ಡಿನಲ್ಲಿ ಮನೆಯ ಇನ್ನೊಂದು ಕೋಣೆ ಏಳಿಸಬಹುದು ಎನ್ನುತ್ತಿದ್ದ. ನನಗೂ ಡಿಸೆಂಬರ್ ಎಂದರೆ ಕೌಂಟರಿನಲ್ಲಿ ಉಸಿರಾಡಲು ಹೊತ್ತಿಲ್ಲದ ತಿಂಗಳು. ಆದ್ದರಿಂದ ಅವನು ಬರುವುದು ದರ ಇಳಿದ ಮೇಲೆ, ಆಗಸ್ಟಿನ ಮಳೆಯಲ್ಲಿ. ಮದುವೆಯಾದ ಎರಡನೆಯ ವರ್ಷದಿಂದ ನಮ್ಮಲ್ಲಿ ಕುಸ್ವಾರ್ ಕರಿಯುತ್ತಿದ್ದದ್ದು ಆಗಸ್ಟಿನಲ್ಲಿ. ಕ್ರಿಸ್ಮಸ್ಸಿಗೆ ಮಾಡುವ ಎಲ್ಲ ತಿಂಡಿಗಳೂ ಆಗುತ್ತಿದ್ದವು, ನೆವ್ರಿ, ಕಿಡಿಯೊ, ಗುಳಿಯೊ. ಹೊರಗೆ ಜಡಿಮಳೆ, ತಿಂಡಿ ಡಬ್ಬಿಗೆ ಹಾಕುವ ಮೊದಲೇ ಮೆತ್ತಗಾಗುತ್ತಿತ್ತು. ಅವನು ಅದನ್ನೇ ಗರಿಗರಿ ಉಂಟು ಎಂದು ತಿನ್ನುತ್ತಿದ್ದ. ಡಿಸೆಂಬರಿನಲ್ಲಿ ಒಬ್ಬಳಿಗೆ ಎಂದು ನಾನು ಏನನ್ನೂ ಮಾಡಿದವಳಲ್ಲ. ನಮಗೆ ಇದು ದುಃಖದ ವಿಷಯ ಎಂದು ಆಗ ಅನ್ನಿಸಿರಲೇ ಇಲ್ಲ. ಎಲ್ಲರೂ ಹೀಗೇ ಬದುಕುವುದು ಅಂದುಕೊಂಡಿದ್ದೆವು.

ಹಾಗಿರುವಾಗ ಗಿರಿಜಕ್ಕ ನನ್ನ ಕಿಟಕಿಗೆ ಬಂದರು. ಕಾಪುವಿನವರು, ಮಣಿಪಾಲದ ಒಂದು ಹಾಸ್ಟೆಲಿನ ಮೆಸ್ಸಿನಲ್ಲಿ ಅಡುಗೆ ಕೆಲಸ. ಗಂಡ ವಾಸಣ್ಣ ಮುಂಬೈಯಲ್ಲಿ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಅಡುಗೆಯವರು. ಇಬ್ಬರೂ ಊರಿನವರಿಗೆಲ್ಲ ಬೇಯಿಸಿ ಹಾಕುತ್ತಾರೆ, ಒಟ್ಟಿಗೆ ಕುಳಿತು ಉಣ್ಣುವುದು ಮಾತ್ರ ಅಪರೂಪ ಎಂದು ಅವರೇ ಒಮ್ಮೆ ಹೇಳಿದ್ದರು, ಯಾರದೋ ಮನೆಯ ಸಂಗತಿಯ ಹಾಗೆ. ಕ್ಯಾಂಟೀನಿನಲ್ಲಿ ಇದ್ದವರೆಲ್ಲ ನಮ್ಮ ಕಡೆಯವರೇ, ಎಲ್ಲರಿಗೂ ಮೇ ತಿಂಗಳಿನಲ್ಲೇ ರಜೆ ಬೇಕು. ಮಕ್ಕಳಿರುವವರು ಹೋಗಲಿ ಎಂದು ವಾಸಣ್ಣ ಪ್ರತಿ ವರ್ಷ ತನ್ನ ಸರದಿ ಬಿಟ್ಟುಕೊಡುತ್ತಿದ್ದರು. ಈ ದಂಪತಿಗೆ ಮಕ್ಕಳಿರಲಿಲ್ಲ. ಹಾಗಾಗಿ ವಾಸಣ್ಣ ಊರಿಗೆ ಬರುವುದು ಮಳೆಗಾಲದಲ್ಲಿ. ಆಗ ಹಾಸ್ಟೆಲು ತುಂಬಿರುತ್ತದೆ; ಗಿರಿಜಕ್ಕ ಬೆಳಕು ಹರಿಯುವ ಮೊದಲು ಮನೆ ಬಿಟ್ಟರೆ ದೀಪ ಹಚ್ಚಿದ ಮೇಲೆ ಹಿಂದೆ ಬರುವುದು. ಅವರಿಗೆ ಬಿಡುವು ಸಿಗುವುದು ಮೆಸ್ಸು ಮುಚ್ಚಿದಾಗ, ಮೇ ಕೊನೆಗೆ. ಆಗ ತಾವೇ ಮುಂಬೈಗೆ ಹೋಗೋಣ ಎಂದರೆ ರೈಲಿನಲ್ಲಿ ಸೂಜಿ ಹಾಕಲು ಜಾಗವಿಲ್ಲ.

ನಾನು ಎಂದಿನಂತೆ, ಹದಿನೈದು ದಿನ ತಡೆದು ಹೋದರೆ ಆಗ್ತದಾ ಎಂದು ಕೇಳಿದೆ. "ಮಳೆಗಾಲದಲ್ಲಿ ಗಾಡಿ ಖಾಲಿ ಉಂಟು ಬಾಯಿ, ನಾನು ಖಾಲಿ ಇಲ್ಲ," ಎಂದರು ಗಿರಿಜಕ್ಕ.

ಒಂದು ವರ್ಷ ಮಾತ್ರ ಹೇಗೋ ಕೂಡಿಬಂತು. ಮಂಗಳೂರಿನಿಂದಲೇ ಹೊರಡುವ ಗಾಡಿಗೆ ಮಂಗಳೂರಿನಿಂದಲೇ ಟಿಕೆಟ್ ತೆಗೆದು, ಉಡುಪಿಯಲ್ಲಿ ಹತ್ತುತ್ತೇನೆ ಎಂದು ಬರೆಸಿದರೆ ಕಾಯುವವರ ಸಾಲಿನಲ್ಲಿ ಬೇಗ ಮುಂದೆ ಹೋಗಬಹುದು. ಇದು ನ್ಯಾಯವಾದ ದಾರಿಯೇ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ ಅಷ್ಟೆ. ಹಾಗೆ ಮಾಡಿಕೊಟ್ಟೆ. ಕೊನೆಯ ಪಟ್ಟಿ ಬಂದಾಗ ಅವರಿಗೆ ಸಿಕ್ಕಿದ್ದು ಅರ್ಧ ಸೀಟು, ಬದಿಯ ಬರ್ತಿನಲ್ಲಿ ಇನ್ನೊಬ್ಬರ ಜೊತೆ ಹಂಚಿಕೊಂಡು ಕೂರುವಂಥದ್ದು. ಕೂತುಕೊಂಡೇ ಹೋಗ್ತೇನೆ ಎಂದು ಹೋದರು. ಬಂದ ಮೇಲೆ ಹಲ್ವದ ಪೊಟ್ಟಣ ತಂದು ಕಿಟಕಿಯಲ್ಲಿ ತೂರಿಸಿದರು. ವಾಸಣ್ಣ ಇದ್ದದ್ದು ಆರು ಗಂಡಸರ ಖೋಲಿಯಲ್ಲಿ, ಇವರು ಉಳಿದದ್ದು ದೂರದ ನೆಂಟರ ಮನೆಯಲ್ಲಿ. ಸಂಜೆ ಕ್ಯಾಂಟೀನು ಮುಗಿದ ಮೇಲೆ ಇಬ್ಬರೂ ಲೋಕಲ್ ಹತ್ತಿ ಕೊನೆಯ ಸ್ಟೇಷನ್ನಿನವರೆಗೆ ಹೋಗುವುದು, ಇಳಿಯದೆ ಅದೇ ಗಾಡಿಯಲ್ಲಿ ವಾಪಸು ಬರುವುದು. ಕೂತು ಮಾತಾಡಲು ಬೇರೆ ಜಾಗ ಇರಲಿಲ್ಲವಂತೆ.

ಆಮೇಲೆ ಕೆಲವು ವರ್ಷ ಅದೂ ಆಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಬಂತು. ಸಾಲು ಚಿಕ್ಕದಾಯಿತು, ಮೂರು ಕಿಟಕಿಗಳಿದ್ದಲ್ಲಿ ಎರಡನ್ನು ತೆರೆದರೆ ಸಾಕಾಯಿತು. ಕೌಂಟರಿಗೆ ಬರುವವರು ಹೆಚ್ಚಾಗಿ ತೊಂದರೆ ಹೊತ್ತುಕೊಂಡವರು. ತಾರೀಕು ತಪ್ಪಿದವರು, ಹೆಸರಿನಲ್ಲಿ ಅಕ್ಷರ ಬಿಟ್ಟವರು, ರಾತ್ರಿ ಹನ್ನೆರಡು ದಾಟಿದರೆ ದಿನ ಬದಲಾಗುತ್ತದೆ ಎಂಬುದನ್ನು ಮರೆತವರು. ಪೆರ್ಡೂರಿನ ಹುಡುಗಿಯ ಪ್ರಶ್ನೆಗೆ ಉತ್ತರ ಇದು: ಟಿಕೆಟ್ ಮಾಡಲು ಅಲ್ಲ, ಮಾಡಿದ್ದನ್ನು ಸರಿ ಮಾಡಲು ಬರುತ್ತಾರೆ.

ಒಂದು ಮೇ ತಿಂಗಳ ಕೊನೆಗೆ ಗಿರಿಜಕ್ಕ ಬೆಳಿಗ್ಗೆಯೇ ಬಂದರು. ಮುಖದಲ್ಲಿ ಹಬ್ಬ. ಹಾಸ್ಟೆಲಿನ ಒಬ್ಬಳು ಹುಡುಗಿ ಮೊಬೈಲಿನಲ್ಲಿ ಟಿಕೆಟ್ ಮಾಡಿಕೊಟ್ಟಿದ್ದಳು, ಪೂರ್ತಿ ಬರ್ತು, ನಾಳೆಗೆ ಪ್ರಯಾಣ. ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಲು ಬಂದದ್ದು. ಕಾಗದವನ್ನು ಗಾಜಿನಡಿಯಿಂದ ತಳ್ಳಿದರು. ನಾನು ಅದನ್ನು ಎರಡು ಸಲ ಓದಿದೆ. ಟಿಕೆಟ್ ಇದ್ದದ್ದು ಮುಂಬೈಯಿಂದ ಉಡುಪಿಗೆ. ಆ ಮಗು ಪ್ರೀತಿಯಿಂದಲೇ ಮಾಡಿದ್ದು, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿಬಿಟ್ಟಿತ್ತು. ಮೇ ಕೊನೆಯಲ್ಲಿ ಪೂರ್ತಿ ಬರ್ತು ಅಷ್ಟು ಸುಲಭದಲ್ಲಿ ಸಿಕ್ಕಿದ್ದು ಅದಕ್ಕೇ. ಎಲ್ಲರೂ ಅತ್ತ ಹೋಗುವ ಹೊತ್ತಿನಲ್ಲಿ ಇತ್ತ ಬರುವ ಗಾಡಿ ಖಾಲಿ.

ಹೇಗೆ ಹೇಳಿದೆನೋ ನೆನಪಿಲ್ಲ. ಅವರು ಅಳಲಿಲ್ಲ. ಇನ್ನೇನಾದರೂ ದಾರಿ ಉಂಟಾ ಎಂದು ಕೇಳಿದರು. ಉಳಿದದ್ದು ತತ್ಕಾಲ್ ಒಂದೇ, ಹಿಂದಿನ ದಿನ ಹನ್ನೊಂದಕ್ಕೆ ತೆರೆಯುವ ಟಿಕೆಟು. ಆದರೆ ಅದಕ್ಕೆ ಜನ ನಸುಕಿನಿಂದ ಸಾಲು ಹಿಡಿದಿದ್ದರು. ಗಿರಿಜಕ್ಕ ಕೊನೆಗೆ ಹೋಗಿ ನಿಂತರು. ಹನ್ನೊಂದಾಯಿತು, ನಾನು ನನ್ನ ಆಯುಷ್ಯದಲ್ಲಿ ಅಷ್ಟು ಬೇಗ ಬೆರಳು ಆಡಿಸಿರಲಿಕ್ಕಿಲ್ಲ. ಮುಂದಿದ್ದ ಮೂರು ನಾಲ್ಕು ಜನರಿಗೆ ಸಿಕ್ಕಿತು, ಅಷ್ಟಕ್ಕೆ ಮುಗಿಯಿತು. ಅವರ ಸರದಿ ಬರುವಾಗ ಪರದೆಯ ಮೇಲೆ ಬರೀ ಕಾಯುವವರ ಸಂಖ್ಯೆ.

ಅವರು ಕಿಟಕಿ ಬಿಟ್ಟು ಪಕ್ಕಕ್ಕೆ ಸರಿದರು. ಹಿಂದಿನವರ ಕೆಲಸ ಮುಗಿಸಿ ನೋಡುತ್ತೇನೆ, ಅಲ್ಲೇ ಗೋಡೆಗೆ ಒರಗಿ ನಿಂತಿದ್ದಾರೆ, ಕೈಯಲ್ಲಿ ಆ ಕಾಗದ. ಕ್ಯಾನ್ಸಲ್ ಮಾಡಲಿಕ್ಕಾ ಎಂದು ಕೇಳಿದೆ. ಅವರು ಹತ್ತಿರ ಬಂದರು.

"ಬಾಯಿ, ಇದು ಅಲ್ಲಿಂದ ಇಲ್ಲಿಗೆ ಬರುವ ಟಿಕೆಟ್ ಅಲ್ವಾ?"

"ಹೌದು."

"ಇದರಲ್ಲಿ ಅವರು ಬರ್ಲಿಕ್ಕೆ ಆಗ್ತದಾ?"

ಟಿಕೆಟಿನಲ್ಲಿದ್ದದ್ದು ಗಿರಿಜಕ್ಕನ ಹೆಸರು. ಒಬ್ಬರ ಟಿಕೆಟಿನಲ್ಲಿ ಇನ್ನೊಬ್ಬರು ಹೋಗುವ ಹಾಗಿಲ್ಲ ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡು ನಾನು ಶೆಣೈ ಸಾರ್ ಮೇಜಿಗೆ ಹೋದೆ. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಇನ್ನಷ್ಟು ಬಿಗಿಯಾಗಿದ್ದರು. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು. ಆಯಿತು, ಬೈಗುಳ ಬಂತು ಅಂದುಕೊಂಡೆ. ಕಣ್ಣುಜ್ಜಿಕೊಂಡು ಮತ್ತೆ ಹಾಕಿಕೊಂಡರು, ಪುಸ್ತಕ ತೆಗೆದು ಬೆರಳಿಟ್ಟು ಓದಿದರು. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಇವರಲ್ಲಿ ಒಬ್ಬರ ಟಿಕೆಟನ್ನು ಇನ್ನೊಬ್ಬರ ಹೆಸರಿಗೆ ಮಾಡಬಹುದು. ಸಂಬಂಧಕ್ಕೆ ದಾಖಲೆ ಬೇಕು, ಗಾಡಿ ಹೊರಡುವ ಇಪ್ಪತ್ತನಾಲ್ಕು ಗಂಟೆ ಮೊದಲೇ ಆಗಬೇಕು. ಗಾಡಿ ನಾಳೆ ಮಧ್ಯಾಹ್ನ ಮೂರರ ನಂತರ ಮುಂಬೈ ಬಿಡುತ್ತದೆ. ಗೋಡೆಯ ಗಡಿಯಾರ ನೋಡಿದರು.

"ರೇಷನ್ ಕಾರ್ಡ್ ತರ್ಲಿಕ್ಕೆ ಹೇಳಿ. ನಾನು ಊಟಕ್ಕೆ ಏಳುವುದಿಲ್ಲ."

ರೇಷನ್ ಕಾರ್ಡ್ ಕಾಪುವಿನ ಮನೆಯಲ್ಲಿತ್ತು. ಆದರೆ ಅದಕ್ಕಿಂತ ಕಷ್ಟದ್ದು ಇನ್ನೊಂದು, ವಾಸಣ್ಣನಿಗೆ ರಜೆ ಸಿಗಬೇಕು. ಈವರೆಗೆ ಒಂದು ಸಲವೂ ಮೇ ತಿಂಗಳಿನಲ್ಲಿ ಕೇಳದ ಮನುಷ್ಯ. ಗಿರಿಜಕ್ಕ ಕಿಟಕಿಯ ಬಳಿಯಲ್ಲೇ ನಿಂತು ಫೋನ್ ಮಾಡಿದರು. ತುಳುವಿನಲ್ಲಿ ಆಡಿದ್ದು, ನನಗೆ ಎಲ್ಲ ಕೇಳುತ್ತಿತ್ತು. ಅತ್ತ ಅವರು ಏನೋ ಹಿಂಜರಿದಿರಬೇಕು, ಈಗಾಗಲೇ ಇಬ್ಬರು ರಜೆಯಲ್ಲಿದ್ದಾರೆ ಅಂತಲೋ ಏನೋ.

"ಇಷ್ಟು ವರ್ಷ ಎಲ್ಲರಿಗೆ ಬಿಟ್ಟುಕೊಟ್ಟಿರಿ, ನಾನು ಬೇಡ ಅನ್ನಲಿಲ್ಲ," ಎಂದರು ಗಿರಿಜಕ್ಕ. "ಈ ಸಲ ನನಗೋಸ್ಕರ ಒಮ್ಮೆ ಕೇಳಿ."

ಫೋನ್ ಇಟ್ಟು, ಉತ್ತರ ಬರುವ ಮೊದಲೇ ಬಸ್ಸಿಗೆ ಓಡಿದರು. ನಾನು ಕೆಲಸ ಮಾಡುತ್ತಿದ್ದೆ, ಕಣ್ಣು ಬಾಗಿಲಿಗೇ. ಶೆಣೈ ಸಾರ್ ಅವರ ಬುತ್ತಿ ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು. ಎರಡೂವರೆಯ ಸುಮಾರಿಗೆ ಗಿರಿಜಕ್ಕ ಬೆವರಿಳಿಸುತ್ತ ಬಂದರು, ಪ್ಲಾಸ್ಟಿಕ್ ಚೀಲದೊಳಗೆ ಕಾರ್ಡು. ಬಸ್ಸಿನಲ್ಲಿರುವಾಗಲೇ ಫೋನ್ ಬಂದಿತ್ತಂತೆ. ಮ್ಯಾನೇಜರ್ ವಾಸಣ್ಣನ ಮುಖ ನೋಡಿ, ನೀನು ಕೇಳುವುದನ್ನೇ ಕಾಯುತ್ತಿದ್ದೆ ಮಾರಾಯ ಎಂದು ಹನ್ನೆರಡು ದಿನ ಕೊಟ್ಟಿದ್ದರಂತೆ. ಶೆಣೈ ಸಾರ್ ಕಾರ್ಡಿನಲ್ಲಿದ್ದ ಇಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿ ಸಹಿ ಹಾಕಿದರು. ನಾನು ಗಿರಿಜಾ ಎಂದಿದ್ದಲ್ಲಿ ವಾಸುದೇವ ಎಂದು ಮಾಡಿದೆ. ಆ ಮೇಲೆ ಸಾರ್ ಬುತ್ತಿ ಬಿಚ್ಚಿದರು.

ಮುಂಬೈ ಗಾಡಿ ಉಡುಪಿ ಮುಟ್ಟುವುದು ಬೆಳಿಗ್ಗೆ. ವಾಸಣ್ಣ ಬರುವ ದಿನ ನನ್ನ ಶಿಫ್ಟ್ ಎಂಟಕ್ಕೆ, ನಾನು ಬೇಗನೆ ಹೋಗಿ ಪ್ಲಾಟ್‌ಫಾರ್ಮಿನ ನೀರಿನ ನಳ್ಳಿಯ ಹತ್ತಿರ ಸುಮ್ಮನೆ ನಿಂತೆ. ಗಿರಿಜಕ್ಕ ದೂರದಲ್ಲಿ, ಹಸಿರು ಸೀರೆ, ತಲೆಯಲ್ಲಿ ಮಲ್ಲಿಗೆ. ಗಾಡಿ ಬಂತು. ಇಳಿದವರು ಕೆಲವೇ ಜನ. ವಾಸಣ್ಣನನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಆಳು, ಕೈಯಲ್ಲಿ ಒಂದು ರೆಕ್ಸಿನ್ ಚೀಲ. ಅವರು ಹೆಂಡತಿಯನ್ನು ಹುಡುಕಲೇ ಇಲ್ಲ, ನೇರವಾಗಿ ಹೊರಗಿನ ದಾರಿ ಹಿಡಿದರು. ಅವರನ್ನು ಕರೆದುಕೊಂಡು ಹೋಗಲು ಯಾರೂ ಬಂದ ಅಭ್ಯಾಸವಿರಲಿಲ್ಲ. ಗಿರಿಜಕ್ಕ ಹಿಂದಿನಿಂದ ಹೋಗಿ ಚೀಲಕ್ಕೆ ಕೈ ಹಾಕಿದರು. ಅವರು ತಿರುಗಿದರು.

"ನಿನಗೆ ಇವತ್ತು ಮೆಸ್ಸು ಇಲ್ವಾ?"

"ಇಲ್ಲ," ಎಂದರು ಗಿರಿಜಕ್ಕ.

"ನಾಳೆ?"

"ನಾಳೆಯೂ ಇಲ್ಲ."

ಚೀಲದ ಒಂದೊಂದು ಹಿಡಿ ಒಬ್ಬೊಬ್ಬರು ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು.

ಈಗ ವಾಸಣ್ಣ ಕೆಲಸ ಬಿಟ್ಟು ಕಾಪುವಿನಲ್ಲೇ ಇದ್ದಾರೆ, ಗಿರಿಜಕ್ಕನೂ ಮೆಸ್ಸು ಬಿಟ್ಟರು. ಯಾವಾಗಲಾದರೂ ಪೇಟೆಯಲ್ಲಿ ಸಿಕ್ಕಿದರೆ ಒಟ್ಟಿಗೇ ಸಿಗುತ್ತಾರೆ.

ವಾಸಣ್ಣ ಬಂದಿಳಿದ ಆ ಬೆಳಿಗ್ಗೆ ಕೌಂಟರಿನಲ್ಲಿ ಕೂತ ನನಗೆ ಕೆಲಸ ಹತ್ತಲಿಲ್ಲ. ಮನೆಗೆ ಬಂದು ಮಸ್ಕತ್ತಿಗೆ ಫೋನ್ ಮಾಡಿದೆ. ಈ ಸಲ ಡಿಸೆಂಬರಿಗೆ ಬಾ ಎಂದೆ. ಲಿಗೋರಿ ನಕ್ಕು, ದರ ಗೊತ್ತುಂಟಾ ನಿನಗೆ ಎಂದು ಕೇಳಿದ. ನಾನು ಟಿಕೆಟ್ ಮಾರುವವಳು, ನನಗೆ ಗೊತ್ತಿಲ್ವಾ ಎಂದೆ. ಅವನು ನಗು ನಿಲ್ಲಿಸಿದ. ಮರುದಿನ ಶೆಣೈ ಸಾರ್ ಎದುರು ನಿಂತು ಕ್ರಿಸ್ಮಸ್ಸಿಗೆ ರಜೆ ಬೇಕು ಎಂದು ಕೇಳಿದೆ. ಕೇಳಿದ್ದು ಅದೇ ಮೊದಲು. ಅವರು ಬರೆದುಕೊಂಡರು, ಮೇಲೆ ನೋಡದೆ ಕೊಂಕಣಿಯಲ್ಲಿ "ಜಾಯ್ತ್" ಎಂದರು. ಆಗಲಿ ಎಂದು ಅರ್ಥ. ಆಫೀಸಿನೊಳಗೆ ಅವರ ಬಾಯಿಯಲ್ಲಿ ನಾನು ಕೇಳಿದ ಒಂದೇ ಕೊಂಕಣಿ ಶಬ್ದ ಅದು.

ಲಿಗೋರಿ ಬಂದ. ಅದೊಂದೇ ಕ್ರಿಸ್ಮಸ್ ನಮಗೆ ಸಿಕ್ಕಿದ್ದು. ಮುಂದಿನ ವರ್ಷ ಅಲ್ಲಿಯೇ ಅವನ ಹೃದಯ ನಿಂತಿತು. ಇದನ್ನು ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ. ಡಿಸೆಂಬರಿನಲ್ಲಿ ರೈಲು ನಿಲ್ಲುವ ಸದ್ದು ಕೇಳಿದರೆ ಈಗಲೂ, ಯಾರು ಯಾರ ಮನೆಗೆ ಬಂದು ಇಳಿದರೋ ಎಂದು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತೇನೆ.

ಅವನು ಬಂದ ಮರುದಿನದ್ದೊಂದು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಎಂತ ಆಯಿತು ಎಂದು ನಾನು ಒಳಗಿನಿಂದ ಬಂದೆ. ಅವನು ಅಂಗಳವನ್ನೇ ನೋಡುತ್ತಿದ್ದ. ಅವನು ಬರುವಾಗೆಲ್ಲ ಅದು ಪಾಚಿ ಹಿಡಿದು, ಕಾಲಿಟ್ಟರೆ ಜಾರುವ ಹಾಗೆ ಇರುತ್ತಿತ್ತು.

"ನಮ್ಮ ಅಂಗಳಕ್ಕೆ ಇಷ್ಟು ಬಿಸಿಲು ಬೀಳ್ತದಾ?" ಎಂದು ಕೇಳಿದ.

ಹೌದು ಎಂದೆ. ಅವನು ಒಳಗಿಂದ ಕುರ್ಚಿ ತಂದು ಹಾಕಿ ಕೂತ. ಬಿಸಿಲು ಸರಿದ ಹಾಗೆಲ್ಲ ಕುರ್ಚಿಯನ್ನೂ ಸರಿಸಿಕೊಂಡು, ಸಂಜೆಯಾಗುವಾಗ ಬೇಲಿಯ ಹತ್ತಿರ ಮುಟ್ಟಿದ್ದ.